ಮಾಕಳಿದುರ್ಗದ ಬುಡದಲ್ಲಿ ಜೂಜಿನ ಜಾಡು

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ಪ್ಯಾಸೆಂಜರ್ ರೈಲಿನಲ್ಲಿ ಕುಳಿತವರಿಗೆ ದೊಡ್ಡಬಳ್ಳಾಪುರ ದಾಟಿದ ಮೇಲೆ ಒಂದು ದೊಡ್ಡ ಬಂಡೆಬೆಟ್ಟ ಎದುರಾಗುತ್ತದೆ. ಅದೇ ಮಾಕಳಿದುರ್ಗ. ನೆತ್ತಿಯ ಮೇಲೆ ಮುರುಕು ಕೋಟೆ, ಒಂದು ಹಳೆಯ ಶಿವನ ಗುಡಿ, ಗುಡಿಯ ಮುಂದೆ ಬಸವಣ್ಣ. ಮಾರ್ಕಂಡೇಯ ಋಷಿ ಇಲ್ಲಿ ತಪಸ್ಸು ಮಾಡಿದನೆಂದು ಐತಿಹ್ಯ. ಈಗ ಭಾನುವಾರ ಬಂತೆಂದರೆ ಬೆನ್ನಿಗೆ ಚೀಲ ಕಟ್ಟಿದ ಪಟ್ಟಣದ ಹುಡುಗ ಹುಡುಗಿಯರು ಪುಟ್ಟ ಸ್ಟೇಷನ್ನಿನಲ್ಲಿ ಇಳಿದು ಬೆಟ್ಟ ಹತ್ತುತ್ತಾರೆ. ನಾನು ಇಳಿಯುವುದು ಬೆಟ್ಟ ಹತ್ತಲು ಅಲ್ಲ. ನಮ್ಮ ಹಳ್ಳಿ ಅದರ ಬುಡದಲ್ಲೇ ಇದೆ. ಅರವತ್ತು ವರ್ಷಗಳಿಂದ ಈ ದಾರಿಯಲ್ಲಿ ಓಡಾಡಿದ್ದೇನೆ. ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂತು, ಹೊಗೆ ಉಗುಳುವ ಎಂಜಿನ್ನು ಹೋಗಿ ಬೇರೆ ಎಂಜಿನ್ನು ಬಂತು. ಬದಲಾಗದೆ ಉಳಿದ ಒಂದು ನೋಟವೆಂದರೆ, ನಾಲ್ಕು ಜನ ಎದುರುಬದುರು ಕುಳಿತು, ಮೊಣಕಾಲುಗಳ ಮೇಲೆ ಒಂದು ಟವೆಲ್ಲು ಹಾಸಿ, ಇಸ್ಪೀಟು ಎಲೆ ಹಂಚುವ ನೋಟ.

ಈ ಲೇಖನ ಬರೆಯಲು ಕಾರಣವಾದವನು ನನ್ನ ಮೊಮ್ಮಗ. ಕಾಲೇಜು ಹುಡುಗ. "ತಾತ, ಈ ಜೂಜಿನ ಹುಚ್ಚೆಲ್ಲಾ ಮೊಬೈಲು ಬಂದ ಮೇಲೆ ಶುರುವಾಯ್ತು, ನಿಮ್ಮ ಕಾಲದಲ್ಲಿ ಜನ ಒಳ್ಳೆಯವರಾಗಿದ್ರು, ಅಲ್ವಾ?" ಎಂದು ಕೇಳಿದ. ಹೌದಪ್ಪ ಎಂದುಬಿಡಬಹುದಾಗಿತ್ತು. ಮುದುಕರಿಗೆ ಇಂಥ ಪ್ರಶ್ನೆ ಬಹಳ ಹಿತವಾದ ಪ್ರಶ್ನೆ. ಆದರೆ ನಮ್ಮ ಮನೆಯ ಕಥೆ ನೆನಪಾಗಿ, ಹೌದೆನ್ನಲು ಬಾಯಿ ಬರಲಿಲ್ಲ.

ನಮ್ಮ ಕಡೆಯ ಹಳ್ಳಿಗಳಲ್ಲಿ ಯುಗಾದಿಗೂ ಜೂಜಿಗೂ ಇರುವ ನಂಟು ಪಟ್ಟಣದ ವಾಚಕರಿಗೆ ಅಷ್ಟಾಗಿ ತಿಳಿದಿರಲಾರದು. ದೀಪಾವಳಿಯ ಪಾಡ್ಯದ ದಿನ ಪಾರ್ವತಿ ಪರಮೇಶ್ವರರು ಪಗಡೆಯಾಡಿದರೆಂದೂ, ಅಂದು ಆಡಿ ಗೆದ್ದವನಿಗೆ ವರ್ಷವೆಲ್ಲ ಗೆಲುವೆಂದೂ ಪುರಾಣದ ನಂಬಿಕೆಯುಂಟು. ಆ ಪಾಡ್ಯಕ್ಕೆ ದ್ಯೂತ ಪ್ರತಿಪದೆಯೆಂದೇ ಹೆಸರು. ಹಳೆ ಮೈಸೂರಿನ ಬಯಲುಸೀಮೆಯಲ್ಲಿ ಈ ಪದ್ಧತಿ ಬಹುಮಟ್ಟಿಗೆ ಯುಗಾದಿಗೆ ಅಂಟಿಕೊಂಡಿದೆ. ಬೆಳಗ್ಗೆ ಎಣ್ಣೆನೀರು, ಬೇವುಬೆಲ್ಲ, ಹೊನ್ನಾರು ಕಟ್ಟಿ ಹೊಲದಲ್ಲಿ ನಾಲ್ಕು ಸಾಲು ಉಳುವುದು, ಮಧ್ಯಾಹ್ನ ಒಬ್ಬಟ್ಟು. ಅದು ಮುಗಿಯಿತೋ, ಅರಳಿಕಟ್ಟೆಯ ಮೇಲೆ ಗೋಣಿತಾಟು ಬಿತ್ತೆಂದೇ ಅರ್ಥ. ಮಾರನೆಯ ದಿನ ವರ್ಷತೊಡಕು. ಆ ದಿನ ಬಾಡಿನೂಟ. ಆಟವೂ ಅದರ ಜೊತೆಗೇ ಮುಂದುವರಿಯುತ್ತದೆ. ದೊಡ್ಡವರು ಎಲೆಯಲ್ಲಿ, ಹುಡುಗರು ನಾಣ್ಯ ಚಿಮ್ಮುವ ಆಟದಲ್ಲಿ. ವರ್ಷದ ಮಿಕ್ಕ ದಿನಗಳಲ್ಲಿ ಎಲೆ ಮುಟ್ಟಿದರೆ ಬೆನ್ನು ಮುರಿಯುತ್ತಿದ್ದ ಅಪ್ಪಂದಿರು ಆ ಎರಡು ದಿನ ಕಂಡೂ ಕಾಣದವರಂತೆ ಇರುತ್ತಿದ್ದರು. ಪೊಲೀಸಿನವರೂ ಹಾಗೆಯೆ.

ಯುಗಾದಿಯೇ ಏಕೆ? ಪುರಾಣದ ಉತ್ತರ ಒಂದು ಇರಲಿ, ಬೇಸಾಯದ ಉತ್ತರ ಇನ್ನೊಂದಿದೆ. ನಮ್ಮದು ರಾಗಿಯ ಸೀಮೆ. ಕಾರ್ತಿಕ ಮಾರ್ಗಶಿರದಲ್ಲಿ ರಾಗಿ ಕುಯ್ದು, ಪುಷ್ಯ ಮಾಘದಲ್ಲಿ ಕಣ ಮಾಡಿ, ಕಾಳು ಹಗೇವಿಗೋ ವಾಡೆಗೋ ಸೇರಿದ ಮೇಲೆ ಮುಂಗಾರು ಹನಿಯುವವರೆಗೆ ರೈತನ ಕೈಗೆ ಕೆಲಸವಿಲ್ಲ. ಕೆಲಸವಿಲ್ಲದ ಕೈ, ಸ್ವಲ್ಪ ಮಾರಿದ ಕಾಳಿನ ಹಣ, ಬಿರುಬಿಸಿಲಿನಲ್ಲಿ ಅರಳಿಮರದ ನೆರಳು, ಈ ಮೂರೂ ಒಟ್ಟಿಗೆ ಸೇರುವುದು ಚೈತ್ರದಲ್ಲೇ. "ಹಬ್ಬದ ದಿವ್ಸ ಒಂದು ಕೈ ಆಡ್ದೆ ಇದ್ರೆ ವರ್ಷವೆಲ್ಲಾ ಕೈ ಒಣಗ್ತೈತೆ ಕಣಪ್ಪ" ಎಂದು ನಮ್ಮೂರ ಹಿರಿಯರೊಬ್ಬರು ಹೇಳುತ್ತಿದ್ದರು. ಅವರ ಕೈ ಆಡಿಯೇ ಒಣಗಿತ್ತು. ಆ ಮಾತು ಬೇರೆ.

ಗ್ರಂಥಗಳ ಸಾಕ್ಷಿಯನ್ನು ಹಿಡಿದು ಹೋದರೆ ಈ ಜಾಡು ಬಹಳ ಹಿಂದಕ್ಕೆ ಕರೆದೊಯ್ಯುತ್ತದೆ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬ ತನ್ನ ಪಾಡನ್ನು ತೋಡಿಕೊಳ್ಳುವ ಸೂಕ್ತವೇ ಇದೆ. ಹೆಂಡತಿ ದೂರವಾದದ್ದು, ಅತ್ತೆ ಹಗೆ ಸಾಧಿಸುವುದು, ದಾಳದ ಸದ್ದು ಕೇಳಿದೊಡನೆ ಆಣೆಯೆಲ್ಲ ಮರೆತು ಓಡುವುದು, ಎಲ್ಲವೂ ಅಲ್ಲಿದೆ. ಆ ಕಾಲದ ದಾಳ ನಮ್ಮ ಕಾಡಿನ ತಾರೆಕಾಯಿ. ಮನು ಜೀವವಿಲ್ಲದ ವಸ್ತುವಿನಿಂದ ಆಡುವ ಆಟವನ್ನು ದ್ಯೂತವೆಂದೂ, ಕೋಳಿ ಟಗರುಗಳಂಥ ಜೀವಿಗಳ ಮೇಲೆ ಪಣ ಕಟ್ಟುವುದನ್ನು ಸಮಾಹ್ವಯವೆಂದೂ ಬೇರ್ಪಡಿಸಿ, ಎರಡನ್ನೂ ರಾಜ್ಯದಿಂದ ಅಟ್ಟಬೇಕೆಂದ. ಕೌಟಿಲ್ಯ ವ್ಯವಹಾರಸ್ಥ. ಅಟ್ಟಿದರೆ ಅಡಗಿ ಆಡುತ್ತಾರೆ, ಒಂದೇ ಕಡೆ ಆಡಿಸಿದರೆ ಕಳ್ಳರು ಯಾರೆಂಬುದು ತಿಳಿಯುತ್ತದೆ, ಬೊಕ್ಕಸಕ್ಕೆ ನೂರಕ್ಕೆ ಐದರಂತೆ ಬರುತ್ತದೆ ಎಂದು ಲೆಕ್ಕ ಹಾಕಿ, ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನೇ ನೇಮಿಸಿದ. ಯಾಜ್ಞವಲ್ಕ್ಯನೂ ಇದೇ ಪಕ್ಷದವನು. ಆಟದ ಮನೆ ನಡೆಸುವವನಿಗೆ ಸಭಿಕನೆಂದು ಹೆಸರಿಟ್ಟು, ದೊಡ್ಡ ಪಣದ ಗೆಲುವಿನಲ್ಲಿ ನೂರಕ್ಕೆ ಐದು, ಸಣ್ಣದರಲ್ಲಿ ನೂರಕ್ಕೆ ಹತ್ತು ಅವನ ಪಾಲೆಂದೂ, ಅದರಲ್ಲಿ ಅರಸನಿಗೆ ಸಲ್ಲಬೇಕಾದುದು ಸಲ್ಲಬೇಕೆಂದೂ ಬರೆದ. ಈ ಸ್ಮೃತಿಗೆ ಮಿತಾಕ್ಷರವೆಂಬ ಟೀಕೆಯನ್ನು ವಿಜ್ಞಾನೇಶ್ವರ ರಚಿಸಿದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ. ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಪಟ್ಟಿಯೊಳಗೆ ಕೋಳಿಕಾಳಗ, ಟಗರುಕಾಳಗ, ಪಗಡೆಗಳಿಗೆ ಧಾರಾಳವಾಗಿ ಜಾಗವಿದೆ. ಅತ್ತ ಜೈನರು ಸಪ್ತವ್ಯಸನಗಳನ್ನು ಎಣಿಸುವಾಗ ಮೊದಲ ಬೆರಳು ಮಡಿಸುವುದೇ ಜೂಜಿಗೆ.

ಶೈವರಲ್ಲಿ ಇದಕ್ಕಿಂತ ಸೋಜಿಗದ ಸಂಗತಿಯಿದೆ. ಅರವತ್ತಮೂರು ಪುರಾತನರಲ್ಲಿ ಮೂರ್ಖ ನಾಯನಾರನೆಂಬ ತಮಿಳುನಾಡಿನ ಭಕ್ತನೊಬ್ಬ ಬರುತ್ತಾನೆ. ಶಿವಭಕ್ತರಿಗೆ ಉಣಬಡಿಸಿ ಇದ್ದಬದ್ದದ್ದೆಲ್ಲ ಕಳೆದ ಮೇಲೆ, ದಾಸೋಹ ನಡೆಸುವುದಕ್ಕಾಗಿ ಜೂಜಾಡಿದವನು. ಸೋತವರು ಹಣ ಕೊಡದಿದ್ದರೆ ಕಠಾರಿ ತೆಗೆಯುತ್ತಿದ್ದನಂತೆ. ನಂಜನಗೂಡಿನ ಗುಡಿಯಲ್ಲಿ ಪುರಾತನರ ಸಾಲನ್ನು ನೋಡುವಾಗಲೆಲ್ಲ ನನಗೆ ಈತನ ನೆನಪಾಗಿ ನಗು ಬರುತ್ತದೆ. ಊರ ಜೂಜುಕಟ್ಟೆಯಲ್ಲಿ ಗೆದ್ದ ಹಣದಿಂದ ಗುಡಿಗೆ ಗಂಟೆ ಕಟ್ಟಿಸಿದವರನ್ನು ನಾನೂ ಕಂಡಿದ್ದೇನೆ.

ಕನ್ನಡ ಮಾತಿನಲ್ಲೂ ಇದರ ಗುರುತುಗಳಿವೆ. ಹಳಗನ್ನಡದಲ್ಲಿ ಪಗಡೆಗೆ ‘ನೆತ್ತ’ ಎಂದು ಹೆಸರು. 941ರ ಸುಮಾರಿನಲ್ಲಿ ಪಂಪ ಬರೆದ ಭಾರತದಲ್ಲಿ ದುರ್ಯೋಧನನ ರಾಣಿ ಭಾನುಮತಿ ಕರ್ಣನೊಡನೆ ನೆತ್ತವಾಡಿ ಸೋಲುವ ಪ್ರಸಂಗ ಎಲ್ಲರಿಗೂ ಗೊತ್ತಿದೆ. ಸ್ನೇಹದ ಹಿರಿಮೆಗೆ ಆ ಪದ್ಯವನ್ನು ಉದಾಹರಿಸುತ್ತೇವೆಯೇ ಹೊರತು, ರಾಣಿವಾಸದ ಹೆಣ್ಣು ಮುತ್ತಿನ ಹಾರವನ್ನು ಪಣಕ್ಕಿಡುವುದು ಕವಿಗೆ ಸಹಜವಾಗಿ ಕಂಡಿತೆಂಬುದನ್ನು ಗಮನಿಸುವುದಿಲ್ಲ. ಎಲೆಯಾಟದ ಸಂಗತಿ ಈಚಿನದು. ಮೊಗಲರೊಡನೆ ಬಂದ ಗಂಜೀಫಾ ಮೈಸೂರಿನ ಅರಮನೆಯನ್ನು ಸೇರಿ, ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಕಾಲಕ್ಕೆ ದೇವತೆಗಳ ಚಿತ್ರಗಳಿಂದ ಮೆರೆಯಿತು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಆ ಆಟಗಳ ವಿವರವಿದೆ. ಜನಸಾಮಾನ್ಯರ ಕೈಗೆ ಬಂದದ್ದು ಐವತ್ತೆರಡು ಎಲೆಯ ವಿಲಾಯತಿ ಕಟ್ಟು. ನಮ್ಮೂರಿನಲ್ಲಿ ಅಕ್ಷರ ಬಾರದವನೂ ‘ಕಳಾವರ್’ ಎನ್ನುತ್ತಾನೆ. ಡಚ್ಚರ ಭಾಷೆಯಲ್ಲಿ ಆ ಮೂರು ದಳದ ಎಲೆಗೆ ‘ಕ್ಲಾವರ್’ ಎಂದೇ ಹೆಸರು. ಹಡಗಿನವರು ಬಿಟ್ಟುಹೋದ ಮಾತು ಕಡಲು ಕಾಣದ ಬೆಟ್ಟದ ಬುಡದಲ್ಲಿ ಇಂದಿಗೂ ಬಾಳಿದೆ.

ಇನ್ನು ನಮ್ಮ ಮನೆಯ ಕಥೆ. ನಮ್ಮ ಬೆಟ್ಟದ ಪಕ್ಕದಲ್ಲೇ ಘಾಟಿ ಸುಬ್ರಹ್ಮಣ್ಯ. ಅಲ್ಲಿಯ ದನಗಳ ಜಾತ್ರೆ ದೂರದೂರಕ್ಕೆ ಹೆಸರಾದದ್ದು. ಹಳ್ಳಿಕಾರ್ ತಳಿಯ ಹೋರಿಗಳಿಗೆ ಕೊಂಬು ಸವರಿ, ಕಾಲಿಗೆ ಗೆಜ್ಜೆ ಕಟ್ಟಿ ತರುತ್ತಾರೆ. ಕೊಳ್ಳುವವನೂ ಮಾರುವವನೂ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಮಾತಿಲ್ಲದೆ ಬೆಲೆ ಕುದುರಿಸುವುದನ್ನು ನೋಡುವುದೇ ಒಂದು ಸೊಗಸು. ರೈತನ ಬಾಳಿನಲ್ಲಿ ಇಡಿಯಾಗಿ ನಗದು ಹಣ ಕೈಗೆ ಬರುವ ದಿನಗಳು ಆಗ ಎರಡೋ ಮೂರೋ ಇರುತ್ತಿದ್ದವು; ದನ ಮಾರಿದ ದಿನ ಅದರಲ್ಲೊಂದು. ಜೂಜಿನವರಿಗೆ ಇದು ಚೆನ್ನಾಗಿ ಗೊತ್ತು. ಯಾವ ದನದ ಜಾತ್ರೆಯೇ ಆಗಲಿ, ಅದರ ಹೊರವಲಯದ ತೋಪುಗಳಲ್ಲಿ ಮೂರೆಲೆಯ ಆಟದವರೂ, ಆರು ಚಿತ್ರದ ದಾಳವನ್ನು ಡಬ್ಬಿಯಲ್ಲಿ ಕುಲುಕುವವರೂ ಚಾಪೆ ಹಾಸುತ್ತಿದ್ದರು. ಮೊದಲು ಅವರ ಕಡೆಯವನೇ ಒಬ್ಬ ರೈತನ ವೇಷದಲ್ಲಿ ಗೆಲ್ಲುತ್ತಾನೆ. ನೋಡುತ್ತ ನಿಂತವನಿಗೆ ಬಾಯಲ್ಲಿ ನೀರೂರುತ್ತದೆ.

ನಮ್ಮ ದೊಡ್ಡಪ್ಪ 1958ರಲ್ಲಿ ಒಂದು ಜಾತ್ರೆಯಲ್ಲಿ ಜೋಡಿ ಎತ್ತು ಮಾರಿ ಹಿಂತಿರುಗುವಾಗ ಅಂಥ ಒಂದು ತೋಪಿನಲ್ಲಿ ನಿಂತರು. ಬೀಡಿ ಹಚ್ಚಲು ನಿಂತೆ ಎಂದು ಆಮೇಲೆ ಹೇಳುತ್ತಿದ್ದರು. ರಾತ್ರಿ ಮನೆಗೆ ಬಂದಾಗ ಕೈಯಲ್ಲಿ ಎತ್ತಿನ ಹಗ್ಗ ಮಾತ್ರ ಇತ್ತು. ಹಗ್ಗ ಕೊಟ್ಟು ಎತ್ತು ಮಾರುವ ಪದ್ಧತಿ ನಮ್ಮಲ್ಲಿಲ್ಲ. ದೊಡ್ಡಮ್ಮ ಏನೂ ಕೇಳದೆ ಮುದ್ದೆ ಬಡಿಸಿದರು. ಸೋತದ್ದನ್ನು ಗೆದ್ದು ತರುತ್ತೇನೆಂದು ದೊಡ್ಡಪ್ಪ ಮುಂದಿನ ಯುಗಾದಿಗೆ ಕೂತರು, ಅದರ ಮುಂದಿನದಕ್ಕೂ ಕೂತರು. ಕೊನೆಕೊನೆಗೆ ಹಬ್ಬಕ್ಕೆ ಕಾಯುವುದೂ ನಿಂತಿತು. ರೈಲುದಾರಿಯ ಆಚೆ ಇದ್ದ ಎರಡು ಎಕರೆ ರಾಗಿಹೊಲ ಮೂರು ವರ್ಷದಲ್ಲಿ ಕ್ರಯವಾಯಿತು. ಹಿರಿಯ ಮಗಳ ಮದುವೆ ಎರಡು ಸಲ ನಿಂತು, ಕಡೆಗೆ ವಯಸ್ಸಾದ ಎರಡನೆಯ ಸಂಬಂಧದವನಿಗೆ ಆಯಿತು. ಕಿರಿಯವಳು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಳು. ನನ್ನ ಜೊತೆ ಒಂದೇ ಹಲಗೆಯ ಮೇಲೆ ಕೂರುತ್ತಿದ್ದವಳು. ಲೆಕ್ಕದಲ್ಲಿ ನನಗಿಂತ ಚುರುಕು.

ದೊಡ್ಡಮ್ಮ ಒಂದು ಬೆಳಗ್ಗೆ ಪಾತ್ರೆಪಡಗ ಗೋಣಿಯಲ್ಲಿ ಕಟ್ಟಿ, ಮಕ್ಕಳ ಕೈ ಹಿಡಿದು ದೊಡ್ಡಬಳ್ಳಾಪುರದ ರೈಲು ಹತ್ತಿದರು. ಅಲ್ಲಿ ಮಗ್ಗಗಳ ಬೀದಿಯೊಂದರಲ್ಲಿ ಬಾಡಿಗೆಯ ಕೋಣೆ ಹಿಡಿದು ಕಂಡಿಕೆ ಸುತ್ತುವ ಕೆಲಸಕ್ಕೆ ನಿಂತರು. "ಎತ್ತು ಹೋದ್ರೆ ಹೋಗ್ಲಿ ಅಂತಿದ್ದೆ ಕಣೋ. ಹೊಲ ಹೋದ ಮೇಲೆ ಆ ಊರಲ್ಲಿ ನಂಗೇನೈತೆ?" ಎಂದು ಬಹಳ ವರ್ಷಗಳ ಮೇಲೆ ನನಗೆ ಹೇಳಿದರು. ದೊಡ್ಡಪ್ಪ ಆರು ತಿಂಗಳ ಮೇಲೆ ಅವರನ್ನು ಹುಡುಕಿಕೊಂಡು ಹೋಗಿ ಅಲ್ಲೇ ಉಳಿದರು. ಹಳ್ಳಿ ಬಿಟ್ಟು ಪಟ್ಟಣ ಸೇರಿದವರನ್ನು ಕುರಿತು ಬರೆಯುವಾಗ ನಾವು ಬರಗಾಲ, ಸಾಲ, ವಿದ್ಯೆ, ಉದ್ಯೋಗ ಎಂದೆಲ್ಲ ಕಾರಣ ಕೊಡುತ್ತೇವೆ. ನಮ್ಮ ಮಗ್ಗದ ಬೀದಿಗಳಲ್ಲಿ ಮನೆಮನೆಯ ಹೆಂಗಸರನ್ನು ಕೇಳಿ ನೋಡಿ. ‘ಸಾಲ’ ಎಂಬ ಮಾತಿನ ಹಿಂದೆ ಎಷ್ಟೋ ಕಡೆ ಎಲೆಯ ಕಟ್ಟು ಇರುತ್ತದೆ. ಹೆಣ್ಣುಮಕ್ಕಳ ಮದುವೆಯ ವಯಸ್ಸು, ಶಾಲೆ ಬಿಡುವ ವಯಸ್ಸು, ಒಂದು ಸಂಸಾರ ಯಾವ ಊರಿನಲ್ಲಿ ಎಣಿಕೆಗೆ ಸಿಗುತ್ತದೆಂಬುದು, ಇವೆಲ್ಲ ಅರಳಿಕಟ್ಟೆಯ ಗೋಣಿತಾಟಿನ ಮೇಲೆ ತೀರ್ಮಾನವಾಗುವುದುಂಟು. ಜನಗಣತಿಯ ನಮೂನೆಯಲ್ಲಿ ಇದಕ್ಕೆ ಕಲಮಿಲ್ಲ.

ಪಟ್ಟಣದ ಜೂಜಿಗೂ ಹಳ್ಳಿಯ ಜೂಜಿಗೂ ಒಂದು ವ್ಯತ್ಯಾಸವನ್ನು ಆಗಲೇ ಕಂಡೆ. ಹಳ್ಳಿಯಲ್ಲಿ ಅದು ಋತುವನ್ನು ಅನುಸರಿಸುತ್ತಿತ್ತು. ಮಗ್ಗದ ಊರಿನಲ್ಲಿ ವಾರವನ್ನು. ಅಲ್ಲಿ ಬಟವಾಡೆ ವಾರಕ್ಕೊಮ್ಮೆ. ಬಟವಾಡೆಯ ಸಂಜೆ ಹೆಂಗಸರು ಮಗ್ಗದ ಮನೆಯ ಬಾಗಿಲಲ್ಲೇ ಬಂದು ನಿಲ್ಲುತ್ತಿದ್ದರು, ಗಂಡನ ಕೂಲಿ ಹಿತ್ತಲ ಬಾಗಿಲಿನಿಂದ ಹೊರಟುಹೋಗದಿರಲೆಂದು. ರೇಷ್ಮೆ ಸಾಕುವ ಊರುಗಳಲ್ಲಿ, ದೇವನಹಳ್ಳಿಯ ಕಡೆಯ ವಿಜಯಪುರದಲ್ಲೂ ಶಿಡ್ಲಘಟ್ಟದಲ್ಲೂ, ಗೂಡು ಮಾರಿದ ದಿನ ಹಾಗೆಯೆ. ಹುಳು ಗೂಡು ಕಟ್ಟಲು ತಿಂಗಳು ಸಾಕು; ರಾಗಿಯಂತೆ ವರ್ಷ ಕಾಯಬೇಕಾಗಿಲ್ಲ. ನಗದು ಬೆಳೆ ಹೆಚ್ಚಿದ ಹಾಗೆ ಯುಗಾದಿಯೂ ವರ್ಷಕ್ಕೆ ಹತ್ತು ಸಲ ಬರತೊಡಗಿತು. ಆಡುವವರು ಯಾರು? ಬಹುಮಟ್ಟಿಗೆ ಗಂಡಸರು, ಮೀಸೆ ಚಿಗುರಿದವರಿಂದ ಹಿಡಿದು ಮೊಮ್ಮಕ್ಕಳನ್ನು ಕಂಡವರ ತನಕ. ಜಾತಿಯ ಕಟ್ಟು ನಮ್ಮ ಊರುಗಳಲ್ಲಿ ಎಷ್ಟು ಬಿಗಿಯೆಂಬುದನ್ನು ಬಲ್ಲವರಿಗೆ ಜೂಜುಕಟ್ಟೆ ಆಶ್ಚರ್ಯವನ್ನುಂಟುಮಾಡುತ್ತದೆ. ಒಂದೇ ಬಾವಿಯ ನೀರು ಸೇದದವರು ಅಲ್ಲಿ ಒಂದೇ ಕಟ್ಟಿನ ಎಲೆ ಮುಟ್ಟುತ್ತಾರೆ, ಒಬ್ಬರ ಬೀಡಿಯಿಂದ ಇನ್ನೊಬ್ಬರು ಬೆಂಕಿ ಹಚ್ಚಿಕೊಳ್ಳುತ್ತಾರೆ. ಜೂಜಿನ ಪರವಾಗಿ ಹೇಳಬಹುದಾದ ಮಾತು ಇದೊಂದೇ ಎಂದು ನನಗೆ ತೋರುತ್ತದೆ. ಆ ಸಮಾನತೆಯೂ ಆಟ ಮುಗಿಯುವವರೆಗೆ ಮಾತ್ರ.

ಅಣ್ಣನ ಗತಿ ಕಂಡ ನಮ್ಮ ತಂದೆ ಜನ್ಮದಲ್ಲಿ ಎಲೆ ಮುಟ್ಟಲಿಲ್ಲ. ಅವರು ಪ್ರೈಮರಿ ಶಾಲೆಯ ಮೇಷ್ಟರು, ನೀತಿವಂತರು. ಆದರೆ ಪ್ರತಿ ವಾರ ಒಂದು ಪತ್ರಿಕೆ ತರಿಸಿ, ಅದರಲ್ಲಿ ಬರುತ್ತಿದ್ದ ಪದಬಂಧದ ಬಹುಮಾನ ಸ್ಪರ್ಧೆಗೆ ಕೂಪನ್ನು ತುಂಬಿ ಕಳುಹಿಸುತ್ತಿದ್ದರು. ಪ್ರವೇಶಧನಕ್ಕೆ ಪೋಸ್ಟಲ್ ಆರ್ಡರು. "ಇದು ಜೂಜಲ್ಲ, ಬುದ್ಧಿಯ ಆಟ" ಎಂದು ತಾಯಿಗೆ ಸಮಾಧಾನ ಹೇಳುತ್ತಿದ್ದರು. ಯಾವ ಪತ್ರಿಕೆಯೆಂಬುದು ಇಲ್ಲಿ ಮುಖ್ಯವಲ್ಲ. ಆಗ ಇಂಥವು ಹಲವಾರಿದ್ದವು. ಬಹುಮಾನ ಬರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮೇಷ್ಟರ ಆ ವಾದ ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆಯೂ ಬಂದಿತ್ತು, ಅದೂ ಬೆಂಗಳೂರಿನ ಮೂಲಕ. ಆರ್. ಎಂ. ಡಿ. ಚಮಾರ್‌ಬಾಗ್‌ವಾಲಾ ಎಂಬುವರು ನಡೆಸುತ್ತಿದ್ದ ಆರ್. ಎಂ. ಡಿ. ಸಿ. ಕ್ರಾಸ್‌ವರ್ಡ್ ಸ್ಪರ್ಧೆ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯಲ್ಲಿ ಬರುತ್ತಿತ್ತು. ಪತ್ರಿಕೆಯ ಮುದ್ರಣ, ಪ್ರಕಟಣೆ ಬೆಂಗಳೂರಿನಲ್ಲಿ, ಕಂಪನಿ 1946ರಲ್ಲಿ ನೋಂದಣಿಯಾದದ್ದು ಮೈಸೂರು ಸಂಸ್ಥಾನದಲ್ಲಿ. ಮುಂಬಯಿ ರಾಜ್ಯದಲ್ಲಿ ಅದಕ್ಕೆ ಬಹಳ ಗಿರಾಕಿಗಳು. ಹೊರಗೆ ಅಚ್ಚಾಗಿ ಬರುವ ಪತ್ರಿಕೆಗಳ ಸ್ಪರ್ಧೆಗೂ ತೆರಿಗೆ ತಗಲುವಂತೆ ಮುಂಬಯಿ ಸರ್ಕಾರ 1952ರಲ್ಲಿ ಕಾನೂನನ್ನು ತಿದ್ದಿತು. ನಮ್ಮದು ವ್ಯಾಪಾರ, ಸಂವಿಧಾನ ಅದಕ್ಕೆ ರಕ್ಷಣೆ ಕೊಟ್ಟಿದೆ ಎಂದು ಕಂಪನಿ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ವಾದಿಸಿ ಗೆದ್ದಿತು. 1957ರ ಏಪ್ರಿಲ್ 9ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿತು. ಉತ್ತರವನ್ನು ಮೊದಲೇ ಲಕೋಟೆಯಲ್ಲಿ ಮುಚ್ಚಿಟ್ಟು, ಅದಕ್ಕೆ ಹೊಂದಿದವರಿಗೆ ಮಾತ್ರ ಬಹುಮಾನವೆಂದರೆ ಅದು ಬುದ್ಧಿಯ ಆಟವಲ್ಲ, ಜೂಜೇ ಎಂದಿತು; ಜೂಜು ಸಂವಿಧಾನ ಕಾಪಾಡುವ ವ್ಯಾಪಾರವೂ ಅಲ್ಲ ಎಂದಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರು ತೀರ್ಪಿನಲ್ಲಿ ಋಗ್ವೇದದ ಆ ಜೂಜುಗಾರನನ್ನೇ ಸಾಕ್ಷಿಗೆ ಕರೆದರು. ಮನು, ಯಾಜ್ಞವಲ್ಕ್ಯರನ್ನೂ ಕರೆದರು. ಬೆಂಗಳೂರಿನಲ್ಲಿ ಅಚ್ಚಾದ ಕೂಪನ್ನಿಗಾಗಿ ತಾರೆಕಾಯಿಯ ದಾಳ ಮೂರು ಸಾವಿರ ವರ್ಷಗಳ ಮೇಲೆ ಮತ್ತೆ ಉರುಳಿತು. ಈ ನಡುವೆ 1955ರ ಕೇಂದ್ರ ಕಾನೂನು ಇಂಥ ಸ್ಪರ್ಧೆಗಳ ಬಹುಮಾನವನ್ನು ತಿಂಗಳಿಗೆ ಸಾವಿರ ರೂಪಾಯಿಯೊಳಕ್ಕೆ ಕಟ್ಟಿಹಾಕಿತ್ತು. ತಂದೆಯವರು ಆಸೆ ಬಿಟ್ಟದ್ದು ತೀರ್ಪಿನಿಂದಲ್ಲ, ಬಹುಮಾನ ಸಣ್ಣದಾದದ್ದರಿಂದ ಎಂದು ತಾಯಿ ಹೇಳುತ್ತಿದ್ದರು.

ಬುದ್ಧಿಯೋ ಅದೃಷ್ಟವೋ ಎಂಬ ಈ ಗೆರೆಯ ಮೇಲೆಯೇ ನಮ್ಮ ಕಾನೂನು ಅಂದಿನಿಂದ ನಡೆದುಬಂದಿದೆ. 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜುಕಟ್ಟೆಯನ್ನು ಅಪರಾಧವೆನ್ನುತ್ತದೆ, ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. 1967ರಲ್ಲಿ ಸರ್ವೋಚ್ಚ ನ್ಯಾಯಾಲಯ ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದಿತು; 1996ರಲ್ಲಿ ಕುದುರೆ ಜೂಜೂ ಕೌಶಲದ್ದೇ ಎಂದಿತು. ನಮ್ಮೂರ ಕಟ್ಟೆಯಲ್ಲಿ ಅಂದರ್ ಬಾಹರ್ ಆಡಿದವನು ಠಾಣೆಯ ಬೆಂಚಿನ ಮೇಲೆ ಕೂರುತ್ತಾನೆ. ಕ್ಲಬ್ಬಿನಲ್ಲಿ ರಮ್ಮಿ ಆಡಿದ ಸಾಹೇಬರು ಸೋಫಾದ ಮೇಲೆ. ಕಾನೂನಿನ ತರ್ಕ ನನಗೆ ತಿಳಿಯದೆ ಇಲ್ಲ. ಕಟ್ಟೆಯವನಿಗೆ ಅದನ್ನು ತಿಳಿಸಿ ಹೇಳುವುದು ಕಷ್ಟ.

ಮೈಸೂರಿನ ರೇಸ್ ಕ್ಲಬ್ಬಿಗೆ 1891ರಿಂದ ಇತಿಹಾಸವಿದೆ. ಬೆಂಗಳೂರಿನ ರೇಸ್ ದಿನಗಳಲ್ಲಿ ನಮ್ಮ ರೈಲಿನಲ್ಲೂ ಕೈಯಲ್ಲಿ ಪುಸ್ತಕ ಹಿಡಿದ ಒಂದು ಗುಂಪು ಇರುತ್ತಿತ್ತು. ಬೆಳಗ್ಗೆ ಕುದುರೆಗಳ ವಂಶಾವಳಿ ಹೇಳುತ್ತಿದ್ದವರು ಸಂಜೆ ಬಹಳ ಮೌನಿಗಳಾಗಿರುತ್ತಿದ್ದರು. ಸರ್ಕಾರವೂ ಹಿಂದೆ ಬೀಳಲಿಲ್ಲ. 1967ರಲ್ಲಿ ಕೇರಳ ಲಾಟರಿ ಆರಂಭಿಸಿದ್ದನ್ನು ನೋಡಿ ಇತರ ರಾಜ್ಯಗಳಂತೆ ನಮ್ಮ ರಾಜ್ಯವೂ ಚೀಟಿ ಮಾರತೊಡಗಿತು. ಕೌಟಿಲ್ಯನ ಆತ್ಮಕ್ಕೆ ಸಂತೋಷವಾಗಿದ್ದೀತು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ‘ನಾಳೆಯೇ ಡ್ರಾ’ ಎಂಬ ಕೂಗು ಕೇಳದ ದಿನವಿರಲಿಲ್ಲ. ಕೂಲಿಯವರು ಊಟ ಬಿಟ್ಟು ಚೀಟಿ ಕೊಳ್ಳುವ ಹಂತ ಮುಟ್ಟಿದ ಮೇಲೆ, 2007ರಲ್ಲಿ ಕರ್ನಾಟಕ ಎಲ್ಲ ಲಾಟರಿಗಳನ್ನೂ ನಿಷೇಧಿಸಿತು.

ಮಟ್ಕಾದ ಕಥೆ ಇನ್ನೂ ವಿಚಿತ್ರ. ನ್ಯೂಯಾರ್ಕಿನ ಹತ್ತಿಪೇಟೆಯ ಆರಂಭದ ಧಾರಣೆ, ಮುಕ್ತಾಯದ ಧಾರಣೆ ಮುಂಬಯಿಗೆ ತಂತಿಯಲ್ಲಿ ಬರುತ್ತಿದ್ದವು. ಜನ ಅದರ ಅಂಕಿಗಳ ಮೇಲೆ ಪಣ ಕಟ್ಟುತ್ತಿದ್ದರು. 1961ರಲ್ಲಿ ಆ ದಾರಿ ಮುಚ್ಚಿದ ಮೇಲೆ ಮಡಕೆಯಿಂದ ಚೀಟಿ ತೆಗೆದು, ಆಮೇಲೆ ಎಲೆ ಎತ್ತಿ ಅಂಕಿ ಹೇಳತೊಡಗಿದರು. ‘ಓಪನ್ ಕ್ಲೋಸ್’ ಎಂಬುದೇ ನಮ್ಮಲ್ಲಿ ‘ಓಸಿ’ ಆಯಿತು. ಅಮೆರಿಕದ ಹತ್ತಿಗೂ ಮಾಕಳಿದುರ್ಗದ ಟೀ ಅಂಗಡಿಗೂ ಸಂಬಂಧ ಹೀಗೆ ಬೆಳೆಯಿತು. ಓಸಿಯ ಸೊಗಸೆಂದರೆ ಐದು ರೂಪಾಯಿ ಇದ್ದವನೂ ಆಡಬಹುದು, ಕೂರಬೇಕಾಗಿಲ್ಲ, ಎಲೆ ಹಿಡಿಯಬೇಕಾಗಿಲ್ಲ. ಇದರಿಂದಲೇ ಮೊತ್ತಮೊದಲ ಬಾರಿಗೆ ನಮ್ಮ ಕಡೆಯ ಹೆಂಗಸರೂ ಆಟಕ್ಕೆ ಬಂದರು. ಸೆರಗಿನ ಗಂಟಿನಲ್ಲಿ ಅಂಕಿಯ ಚೀಟಿ ಇಟ್ಟುಕೊಂಡವರನ್ನು ನಾನು ಬಲ್ಲೆ. ಕನಸಿಗೆ ತಕ್ಕ ಅಂಕಿ ಹೇಳುವ ಪಂಡಿತರೂ ಹುಟ್ಟಿಕೊಂಡರು. ಘಾಟಿ ಹತ್ತಿರವಾದ್ದರಿಂದ ನಮ್ಮವರ ಕನಸಿನಲ್ಲಿ ಹಾವು ಬರುವುದು ಹೆಚ್ಚು. ಹಾವು ಯಾವ ಅಂಕಿ ಎಂಬುದರಲ್ಲಿ ಮಾತ್ರ ಪಂಡಿತರಿಗೆ ಏಕಾಭಿಪ್ರಾಯವಿರಲಿಲ್ಲ.

ಧರ್ಮದ ನಿಷೇಧವಾಗಲಿ ಕಾನೂನಿನದಾಗಲಿ ಎಷ್ಟರಮಟ್ಟಿಗೆ ತಡೆಯುತ್ತದೆಂಬುದಕ್ಕೆ ದೂರದ ಉದಾಹರಣೆಯೊಂದನ್ನು ಕೊಡಬಹುದು. ಯುರೋಪಿನ ಬೋಸ್ನಿಯಾದಲ್ಲಿ ಬೋಸ್ನಿಯಾಕರೆಂಬ ಮುಸಲ್ಮಾನ ಜನರಿದ್ದಾರೆ. ಇಸ್ಲಾಮಿನಲ್ಲಿ ಜೂಜಿಗೆ ‘ಮೈಸಿರ್’ ಎಂದು ಹೆಸರು. ಕುರಾನು ಮದ್ಯದ ಜೊತೆಗೇ ಅದನ್ನೂ ತಳ್ಳಿಹಾಕಿದೆ. ಹೀಗಿದ್ದರೂ 1992ರಿಂದ 1995ರವರೆಗಿನ ಯುದ್ಧ ಮುಗಿದ ಮೇಲೆ ಆ ದೇಶದ ಊರೂರಲ್ಲೂ ಫುಟ್‌ಬಾಲ್ ಪಂದ್ಯಗಳ ಮೇಲೆ ಬಾಜಿ ಕಟ್ಟುವ ಅಂಗಡಿಗಳು ಎದ್ದವು. ಕೆಲಸ ಸಿಗದ ತರುಣರು ಬಹಳ, ಹೊರದೇಶಕ್ಕೆ ಹೋದವರೂ ಬಹಳ. ನಮ್ಮ ಚೈತ್ರದ ಅರಳಿಕಟ್ಟೆಯಲ್ಲಿ ಕಂಡ ಕೆಲಸವಿಲ್ಲದ ಕೈಗಳು ಅಲ್ಲಿ ಹನ್ನೆರಡು ತಿಂಗಳೂ ಹಾಗೆಯೇ ಇವೆ.

ನಮ್ಮಲ್ಲಿ ಬಂದದ್ದು ಯುದ್ಧವಲ್ಲ, ಹಣ. 2008ರ ಏಪ್ರಿಲಿನಲ್ಲಿ ಐಪಿಎಲ್ ಕ್ರಿಕೆಟ್ ಆರಂಭವಾಯಿತು. ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಇವೆರಡಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಿಲ್ದಾಣದ ಸುತ್ತಿನ ಭೂಮಿಗೆ ಚಿನ್ನದ ಬೆಲೆ ಬಂದು, ರಾಗಿ ಬೆಳೆಯುತ್ತಿದ್ದವರ ಮಕ್ಕಳ ಕೈಗ ಒಮ್ಮೆಲೇ ತಾತಂದಿರು ಕಂಡು ಕೇಳರಿಯದ ಮೊತ್ತ ಬಂತು. ಹೊಲ ಹೋದ್ದರಿಂದ ಕೆಲಸವೂ ಹೋಯಿತು. ಸಂಜೆ ಹೊತ್ತು ಕಳೆಯಲು ಪ್ರತಿ ಚೆಂಡಿಗೂ ಬಾಜಿ ಕಟ್ಟಬಹುದಾದ ಆಟವೊಂದು ಅದೇ ಬೇಸಗೆಯಲ್ಲಿ ಮನೆಯೊಳಕ್ಕೆ ಬಂದಿತ್ತು. ದನ ಮಾರಿದ ದಿನದ ತೋಪಿನ ಚಾಪೆ ಈಗ ಭೂಮಿ ಮಾರಿದವನ ನಡುಮನೆಯಲ್ಲಿ. 2011ರ ಗಣತಿಯಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಜನಸಂಖ್ಯೆ 9,90,923. ಊರುಗಳ ಹೆಸರು ಹಳೆಯವೇ ಆದರೂ ಮುಖಗಳು ಬೇರೆಯಾಗಿವೆ. ಹೊರಗಿನಿಂದ ಕೂಲಿಗೆ ಬಂದ ತರುಣರು, ಸಂಸಾರ ಜೊತೆಗಿಲ್ಲದವರು, ಅವರ ಕೈಯಲ್ಲೂ ಮೊಬೈಲು.

ಆಮೇಲಿನದು ಮೊನ್ನೆ ಮೊನ್ನೆಯ ಮಾತು. ಮೊಬೈಲಿನ ರಮ್ಮಿ ಹುಡುಗರನ್ನು ಹಿಡಿಯಿತು. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯಿದೆಯನ್ನು ತಿದ್ದಿ ಅದನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ, ಕೌಶಲ ಅದೃಷ್ಟಗಳ ಗೆರೆಯನ್ನೇ ಬದಿಗೊತ್ತಿ, ನಿಷೇಧಿಸುವ ಕಾನೂನು ಮಾಡಿತು. ಮೊಮ್ಮಗನ ಪ್ರಶ್ನೆ ಹುಟ್ಟಿದ್ದು ಈ ಸಮಯದಲ್ಲೇ. ಅವನ ಕೊಠಡಿಯ ಗೆಳೆಯನೊಬ್ಬ ಒಂದು ಸೆಮಿಸ್ಟರಿನ ಫೀಸನ್ನು ರಮ್ಮಿಯಲ್ಲಿ ಕಳೆದು ಊರಿಗೆ ಹೋದವನು ಹಿಂತಿರುಗಿರಲಿಲ್ಲ. ಅದನ್ನು ಹೇಳುವಾಗ ಅವನ ದನಿ ಒಂದು ತೆರನಾಗಿತ್ತು. ಗೆಳೆಯನ ಕಥೆಯೇ ಆಗಿರಲೆಂದು ನಾನು ಹೆಚ್ಚು ಕೇಳಲಿಲ್ಲ. ನನಗೆ ತಿಳಿದದ್ದು ದೊಡ್ಡಪ್ಪನ ಕಥೆ. ಅದನ್ನೇ ಹಗ್ಗದಿಂದ ಹಿಡಿದು ಕಂಡಿಕೆಯವರೆಗೆ ಹೇಳಿದೆ. ಕೇಳಿ ಸುಮ್ಮನೆ ಎದ್ದು ಹೋದ.

ಈಚೆಗೆ ಒಂದು ಯುಗಾದಿಗೆ ಇಬ್ಬರೂ ಊರಿಗೆ ಹೋದೆವು. ದೊಡ್ಡಪ್ಪನ ಎರಡು ಎಕರೆಯಲ್ಲಿ ಈಗ ಸೈಟುಗಳ ಕಲ್ಲು ನೆಟ್ಟಿದ್ದಾರೆ. ಅರಳಿಕಟ್ಟೆಯ ಮೇಲೆ ಮಧ್ಯಾಹ್ನ ಗೋಣಿತಾಟಿನ ಬದಲು ಪ್ಲಾಸ್ಟಿಕ್ ಹಾಳೆ ಬಿತ್ತು. "ಮೇಷ್ಟ್ರ ಮಗ ಆಡಾಕಿಲ್ಲ, ದುಡ್ಡು ಅವರ ತಾವ ಇರ್ಲಿ, ಜಗಳ ಬರಾಕಿಲ್ಲ" ಎಂದು ಒಬ್ಬರು ಪಣದ ಹಣವನ್ನೆಲ್ಲ ತಂದು ನನ್ನ ಪಂಚೆಯ ಮಡಿಲಿಗೆ ಹಾಕಿದರು. ಬೇಡವೆನ್ನಲಾಗಲಿಲ್ಲ, ಹಬ್ಬದ ದಿನ, ನೆಂಟರು. ಮೊಮ್ಮಗ ನನ್ನ ಪಕ್ಕದಲ್ಲೇ ಕುಳಿತು, ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿ, ಎಲೆ ಬೀಳುವುದನ್ನು ನೋಡುತ್ತಿದ್ದ. ಸಂಜೆ ಆಟ ಮುಗಿದಾಗ ಗೆದ್ದವರು ಪದ್ಧತಿಯಂತೆ ನನ್ನ ಪಾಲೆಂದು ನೂರರ ಒಂದು ನೋಟನ್ನು ಮುಂದಿಟ್ಟರು. ಸಭಿಕನ ಪಾಲು ಇದೇ ಎಂದು ನೆನಪಾಯಿತು. ನೋಟನ್ನು ಹಿಂದಕ್ಕೆ ಕೊಟ್ಟು, ಮೊಮ್ಮಗನನ್ನು ಎಬ್ಬಿಸಿಕೊಂಡು ಸ್ಟೇಷನ್ನಿನ ಕಡೆಗೆ ನಡೆದೆ. ಬೆಂಗಳೂರಿನ ರೈಲು ಬರಲು ಇನ್ನೂ ಹೊತ್ತಿತ್ತು. "ತಾತ, ಆ ಕಿರಿಯ ಅಜ್ಜಿ, ಲೆಕ್ಕದಲ್ಲಿ ಚುರುಕಾಗಿದ್ರು ಅಂದ್ರಲ್ಲ, ಅವರು ಈಗ ಎಲ್ಲಿದ್ದಾರೆ?" ಎಂದು ಕೇಳಿದ. ದೊಡ್ಡಬಳ್ಳಾಪುರದಲ್ಲೇ ಇದ್ದಾಳೆ, ಇಳಿದು ನೋಡಿಕೊಂಡು ಹೋಗೋಣವೇ ಎಂದೆ.